ಎಂಟು ಪುಟಕ್ಕೆ ನಲವತ್ತೊಂದು ತಿದ್ದುಪಡಿ

ಮೂವತ್ತೆಂಟು ವರ್ಷ ನಾನು ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವನು. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ನಿವೃತ್ತನಾಗಿ ಆರು ವರ್ಷವಾದರೂ ಅಂಗಡಿಯ ಬೋರ್ಡು, ಔಷಧಿ ಡಬ್ಬಿ, ಕರೆಂಟ್ ಬಿಲ್ಲು, ಏನು ಕಂಡರೂ ಕಣ್ಣು ಮೊದಲು ಹೋಗುವುದು ತಪ್ಪಿನ ಕಡೆಗೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಹೆಮ್ಮೆಪಡಲು ನನ್ನ ಹತ್ತಿರ ಬೇರೆ ಹೆಚ್ಚೇನೂ ಇಲ್ಲ.

ನನ್ನ ಮಗಳು ಮೂರನೇ ತರಗತಿಯ ಟೀಚರು. ಹೋದ ವರ್ಷ ಅವಳ ಶಾಲೆಯಲ್ಲಿ ಓದು-ಬರಹ ಕಮ್ಮಟ ಅಂತ ಶುರುವಾಯಿತು. ಕಮ್ಮಟ ಅಂದರೆ ಕವಿಗಳೆಲ್ಲ ಒಂದು ಕಡೆ ಸೇರಿ, ಒಬ್ಬರ ಕವಿತೆಗೆ ಇನ್ನೊಬ್ಬರು ಆಕಳಿಸುವ ಕಾರ್ಯಕ್ರಮ ಅಂತ ತಿಳಿದಿದ್ದವನು ನಾನು. ಎಂಟು ವರ್ಷದ ಮಕ್ಕಳಿಗೆ ಎಂಥ ಕಮ್ಮಟ ಅಂತ ನಕ್ಕೆ. ಅವಳು ನಗಲಿಲ್ಲ. ಮನೆಯಲ್ಲಿ ಕೂತು ಪೇಪರಿಗೆ ಬೈಯುವ ಬದಲು ವಾರಕ್ಕೆ ಮೂರು ದಿನ ಬಂದು ನೋಡಿ ಅಂದಳು.

ಹೋಗಿ ನೋಡಿದೆ. ದಿನಕ್ಕೆ ಒಂದು ಗಂಟೆ. ಮೊದಲ ಹತ್ತು ನಿಮಿಷ ಟೀಚರು ಏನಾದರೂ ಒಂದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತಾಳೆ, ಒಂದೇ ಒಂದನ್ನು. ಆಮೇಲೆ ಮಕ್ಕಳು ತಂತಮ್ಮ ರಟ್ಟಿನ ಫೈಲು ತೆಗೆದು ಬರೆಯಲು ಕೂರುತ್ತವೆ. ಬೋರ್ಡು ನೋಡಿ ಇಳಿಸುವುದಿಲ್ಲ, ಉಕ್ತಲೇಖನ ಇಲ್ಲ. ತಮ್ಮದೇ ಸಮಾಚಾರ. ಒಬ್ಬನದು ಮುರಿದ ಸೈಕಲ್ಲು, ಒಬ್ಬಳದು ಚಿಕ್ಕಮ್ಮನ ಹೊಸ ಮನೆ. ಬರೆದು ಮುಗಿದರೆ ಹಾಳೆಗಳನ್ನು ಎಂಟು ಪುಟವಾಗಿ ಮಡಚಿ, ನಡುವೆ ದಾರ ಹೊಲಿದು, ಮೇಲೊಂದು ಬಣ್ಣದ ಕಾಗದ ಹಾಕಿ ಪುಸ್ತಕ ಮಾಡುವುದು. ಟೀಚರು ಒಬ್ಬೊಬ್ಬರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಪಿಸುಗುಡುತ್ತಾಳೆ. ಗದ್ದಲವೋ ಗದ್ದಲ, ಆದರೆ ಕೆಲಸದ ಗದ್ದಲ. ಅಚ್ಚುಕೂಟದಲ್ಲಿ ಹಾಗೇ ಇರುತ್ತಿತ್ತು, ಆದ್ದರಿಂದ ನನಗೆ ಹಿಡಿಸಿತು.

ಬರೆಯುವ ಮಗುವಿಗೆ ಕೇಳುವವರು ಬೇಕು, ಓದುವ ಮಗುವಿಗೂ ಬೇಕು. ಮೂವತ್ತೊಂದು ಮಕ್ಕಳು ಓದುವುದನ್ನು ಟೀಚರಾದ ನನ್ನ ಮಗಳೊಬ್ಬಳೇ ಎಲ್ಲಿ ಕೇಳಿಯಾಳು? ಅದಕ್ಕೇ ಬೀದಿಯ ಬಿಡುವಿನ ಜನರನ್ನೆಲ್ಲ ಕರೆದಿದ್ದಳು. ನನ್ನ ಜೊತೆ ಒಬ್ಬ ರಿಟೈರಾದ ಬಸ್ ಡ್ರೈವರು, ಔಷಧಿ ಅಂಗಡಿಯವರ ಹೆಂಡತಿ, ಇನ್ನಿಬ್ಬರು ಮೂವರು. ನಮ್ಮನ್ನು ಕೂರಿಸಿಕೊಂಡು ಅವಳು ಹೇಳಿದ್ದು ಇಷ್ಟು: ಮಗು ತಡವರಿಸಿದರೆ ಮನಸ್ಸಿನಲ್ಲಿ ಹತ್ತು ಎಣಿಸಿ, ಹೇಳಿಕೊಡಬೇಡಿ. ಪೆನ್ಸಿಲ್ ಮಗುವಿನ ಕೈಯಲ್ಲೇ ಇರಬೇಕು. ಕಥೆ ನಿಂತುಹೋದರೆ ಆಮೇಲೇನಾಯಿತು ಅಂತ ಕೇಳಬಹುದು, ಅದರಾಚೆಗೆ ಬಾಯಿ ಬಿಡಬೇಡಿ. ಕೈ ಸುಮ್ಮನಿರುವುದಿಲ್ಲ ಅನ್ನುವವರು ಕೈ ಮೇಲೆ ಕೂರಿ. ಇದನ್ನು ನನ್ನ ಮುಖ ನೋಡಿಕೊಂಡೇ ಹೇಳಿದಳು. ಡ್ರೈವರು ಕಿಸಕ್ಕನೆ ನಕ್ಕ. ನಾನು ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು ಆ ಪುಟಾಣಿ ಕುರ್ಚಿಯ ಮೇಲೆ ಕೂತೆ. ಅರವತ್ತನಾಲ್ಕು ವರ್ಷದ ಗಂಡಸು.

ನನಗೆ ಸಿಕ್ಕಿದ್ದು ಪುಟ್ಟಕ್ಕ. ಮನೆಯಲ್ಲಿ ಅವಳ ಕೆಳಗೆ ಇಬ್ಬರು ಚಿಕ್ಕವರು, ಅವರು ಕರೆಯುವ ಹೆಸರನ್ನೇ ತರಗತಿಯೆಲ್ಲ ಹಿಡಿದಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಶಿಫ್ಟು ಬದಲಾಗುತ್ತಲೇ ಇರುತ್ತದೆ. ಶಾಲೆಗೆ ಬಿಡುವುದು ಕರೆದೊಯ್ಯುವುದು ಎಲ್ಲ ಅಜ್ಜಿಯೇ. ಪುಟ್ಟಕ್ಕ ಓದುವ ರೀತಿ ಹೇಗೆಂದರೆ, ಬೆರಳಿಟ್ಟು ಎರಡು ಪದ ಓದುವುದು, ಕತ್ತೆತ್ತಿ ನನ್ನ ಮುಖ ನೋಡುವುದು. ಮುಖ ಸರಿಯಿದ್ದರೆ ಮುಂದಕ್ಕೆ, ಹುಬ್ಬು ಗಂಟಾಗಿದ್ದರೆ ಹಿಂದಕ್ಕೆ. ಪುಸ್ತಕ ಓದುತ್ತಿದ್ದಳೋ ನನ್ನ ಮುಖ ಓದುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ.

ಆ ಮಗುವಿಗೆ ಓದು ಆಟವಾಗಿರಲಿಲ್ಲ, ಅದಕ್ಕೆ ಕಾರಣವಿತ್ತು. ಟರ್ಮಿನ ಕೊನೆಯ ಶನಿವಾರ ಓದಿನ ದಿನ. ಹೆತ್ತವರ ಎದುರು, ಹೆಡ್ ಮೇಡಂ ಎದುರು ಪ್ರತಿ ಮಗುವೂ ತಾನು ಬರೆದ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಓದದವರನ್ನು ತರಗತಿಯಿಂದ ತೆಗೆದು ವರಾಂಡದ ತುದಿಯಲ್ಲಿದ್ದ ವಿಶೇಷ ವಿಭಾಗಕ್ಕೆ ಕಳಿಸುವುದು ಅಂತ ಹೆಡ್ ಮೇಡಂ ಆರ್ಡರು. ಹೆಸರು ವಿಶೇಷ, ಇದ್ದದ್ದು ಒಂದೇ ಕಿಟಕಿಯ ಕೋಣೆ. ಒಳಗೆ ಹೋದ ಮಕ್ಕಳು ದಿನವಿಡೀ ಅಕ್ಷರ ತಿದ್ದುತ್ತಿದ್ದವು, ಎರಡು ವರ್ಷದಲ್ಲಿ ವಾಪಸ್ ಬಂದದ್ದು ಒಂದೇ ಮಗು. ಮಕ್ಕಳು ಅದಕ್ಕೆ ಗೋಡೌನ್ ಅಂತ ಹೆಸರಿಟ್ಟಿದ್ದರು. ಯಾರು ಯಾರು ಅಲ್ಲಿಗೆ ಹೋಗಬೇಕಾದೀತು ಅಂತ ಹೆಡ್ ಮೇಡಂ ಮಾಡಿಟ್ಟ ಪಟ್ಟಿಯಲ್ಲಿ ಪುಟ್ಟಕ್ಕನದೇ ಮೊದಲ ಹೆಸರು. ಅದು ಅವಳಿಗೂ ಗೊತ್ತಿತ್ತು.

“ನಾನು ಗೋಡೌನ್‌ಗೆ ಹೋಗಲ್ಲ ತಾತ,” ಅಂದಿದ್ದಳು ಎರಡನೇ ವಾರವೇ. ಯಾರೂ ಹೋಗು ಅಂದಿಲ್ಲವಲ್ಲ ಅಂದೆ. ಹೇಳಿಬಿಟ್ಟಿರೋಣ ಅಂತ, ಅಂದಳು.

ನಾಲ್ಕು ತಿಂಗಳು ಕೈ ಮೇಲೆ ಕೂತೆ. ಸುಳ್ಳು ಯಾಕೆ ಹೇಳಲಿ, ಮೊದಮೊದಲು ನರಕ. ಅವಳು ಒಂದು ಪದದ ಮುಂದೆ ನಿಂತು ತುಟಿ ಆಡಿಸುತ್ತಿದ್ದರೆ ನನ್ನ ನಾಲಿಗೆಯ ತುದಿ ತುರಿಸುತ್ತಿತ್ತು. ಏಳು, ಎಂಟು, ಒಂಬತ್ತು ಅಂತ ಎಣಿಸುತ್ತಾ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಹತ್ತಕ್ಕೆ ಬರುವ ಮೊದಲೇ ಅವಳು ಹೇಳಿಬಿಡುತ್ತಿದ್ದಳು. ಹತ್ತರಲ್ಲಿ ಏಳು ಸಲ ಸರಿಯಾಗಿಯೇ. ನಿಧಾನವಾಗಿ ಅವಳು ಕತ್ತೆತ್ತುವುದು ಕಡಿಮೆಯಾಯಿತು. ಒಂದು ದಿನ ಪೂರ್ತಿ ಪುಟ ಓದಿ, ನಾನು ಪಕ್ಕದಲ್ಲಿದ್ದೇನೆ ಅನ್ನುವುದನ್ನೇ ಮರೆತು, ತಾನೇ ಪುಟ ತಿರುಗಿಸಿದಳು. ಆ ದಿನ ಮನೆಗೆ ನಡೆದುಕೊಂಡು ಬರುವಾಗ ನನಗೆ ಮಂಡಿ ನೋವು ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಅವಳ ಪುಸ್ತಕವೂ ಮುಗಿಯಿತು. ಹೆಸರು ‘ಅಜ್ಜಿಯ ಹಲ್ಲು’. ಮೇಲೆ ಹಳದಿ ಕಾಗದ, ಅದರ ಮೇಲೆ ಬಾಚಣಿಗೆಯಂಥ ಒಂದು ಚಿತ್ರ. ಶುಕ್ರವಾರ ಗಂಟೆ ಹೊಡೆದ ಮೇಲೆ ಅದನ್ನು ನನ್ನ ಕೈಗಿಟ್ಟು, ಮನೆಗೆ ತೆಗೆದುಕೊಂಡು ಹೋಗಿ ಓದಿ ತಾತ ಅಂದಳು. ಟೀಚರಿಗೂ ಕೊಟ್ಟಿರಲಿಲ್ಲ, ನನಗೆ ಕೊಟ್ಟಳು. ನಾನು ಉಬ್ಬಿಹೋದೆ.

ಭಾನುವಾರ ಬೆಳಿಗ್ಗೆ ಊಟದ ಮೇಜು ಒರೆಸಿ, ಕಿಟಕಿ ಪರದೆ ಸರಿಸಿ, ಕನ್ನಡಕ ಒರೆಸಿ ಕೂತೆ. ಕೆಂಪು ಪೆನ್ನಿಗೆ ಹೊಸ ರೀಫಿಲ್ಲು ಹಾಕಿದೆ. ಎಂಟು ಪುಟಕ್ಕೆ ಎರಡು ಗಂಟೆ ತೆಗೆದುಕೊಂಡೆ. ಬಿಟ್ಟುಹೋದ ಅಕ್ಷರ, ಅಂಟಿಕೊಂಡ ಪದ, ಪೂರ್ಣವಿರಾಮ, ಸಾಲಿನ ಸೊಟ್ಟ, ಒಂದನ್ನೂ ಬಿಡಲಿಲ್ಲ. ಅಂಚಿನಲ್ಲಿ ಪ್ರೂಫಿನ ಗುರುತುಗಳನ್ನೆಲ್ಲ ಹಾಕಿದೆ, ಅವೇನೆಂದು ಅವಳಿಗೆ ತಿಳಿಯಲೆಂದು ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಬರೆದೆ. ಕಥೆ ಏನೆಂದರೆ, ಅಜ್ಜಿಯ ಕಟ್ಟಿಸಿದ ಹಲ್ಲು ಕಳೆದುಹೋಗುತ್ತದೆ. ಮನೆಯವರೆಲ್ಲ ಮೂರು ದಿನ ಹುಡುಕುತ್ತಾರೆ. ಅಜ್ಜಿ ಮೂರು ದಿನ ಯಾರ ಹತ್ತಿರವೂ ಮಾತಾಡುವುದಿಲ್ಲ. ಆರನೇ ಪುಟದಲ್ಲಿ ಹಲ್ಲು ಅಪ್ಪನ ಬೂಟಿನೊಳಗೆ ಸಿಗುತ್ತದೆ. ಅಲ್ಲಿ ಪುಟ್ಟಕ್ಕ ಬರೆದದ್ದು: ‘ಬೂಟಿನೊಳಗೆ ಹಲ್ಲು ಒಂದೇ ನಗುತಿತ್ತು. ಅಜ್ಜಿ ಇರಲಿಲ್ಲ.’ ಹಲ್ಲು ಒಂದೇ ಹೇಗೆ ನಗುತ್ತದೆ, ಅರ್ಥವೇ ಇಲ್ಲವಲ್ಲ ಅಂತ ಎರಡೂ ಸಾಲಿನ ಮೇಲೆ ಗೀಟೆಳೆದು, ‘ಬೂಟಿನೊಳಗೆ ಅಜ್ಜಿಯ ಹಲ್ಲಿನ ಸೆಟ್ಟು ಕಂಡುಬಂತು’ ಅಂತ ಮೇಲೆ ಬರೆದೆ. ಒಟ್ಟು ನಲವತ್ತೊಂದು ತಿದ್ದುಪಡಿ. ಪ್ರೀತಿಯಿಂದ ಮಾಡಿದ್ದು, ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಅಚ್ಚುಕೂಟದಲ್ಲಿ ದೊಡ್ಡ ದೊಡ್ಡವರ ಪುಸ್ತಕಕ್ಕೂ ನಾನು ಅಷ್ಟು ಗಮನ ಕೊಟ್ಟಿರಲಿಲ್ಲ.

ಸೋಮವಾರ ಕೊಟ್ಟೆ. ಪುಟ್ಟಕ್ಕ ಪುಟ ತೆರೆದಳು, ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಅಳಲಿಲ್ಲ.

“ಇಷ್ಟೊಂದಾ?” ಅಂದಳು.

ಅವಳಿಗೆ ಖುಷಿಯಾಗಿದೆ ಅಂದುಕೊಂಡೆ ನೋಡಿ ನಾನು! ಇಷ್ಟನ್ನು ಸರಿ ಮಾಡಿಕೊಂಡರೆ ಪುಸ್ತಕ ಚೊಕ್ಕವಾಗುತ್ತದೆ ಅಂತ ಬೆನ್ನು ತಟ್ಟಿದೆ. ಅವಳು ಅದನ್ನು ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ಊಟದ ಡಬ್ಬಿ ಇಟ್ಟಳು.

ಬುಧವಾರ ಪುಸ್ತಕ ಎಲ್ಲಿ ಅಂದರೆ ಕಳೆದುಹೋಯಿತು ಅಂದಳು. ಶುಕ್ರವಾರ ಹೊಟ್ಟೆನೋವು. ಮುಂದಿನ ಸೋಮವಾರ ಗ್ರಂಥಾಲಯದ ಪುಸ್ತಕ ತೆರೆದು ಮುಂದಿಟ್ಟರೆ ಬೆರಳಿಟ್ಟಳು, ತುಟಿ ಬಿಚ್ಚಲಿಲ್ಲ. ನಾನು ಹತ್ತು ಎಣಿಸಿದೆ. ಮತ್ತೆ ಹತ್ತು. ಅವಳು ಅಕ್ಷರ ನೋಡುತ್ತಲೇ ಇರಲಿಲ್ಲ, ನನ್ನ ಜೇಬಿನ ಪೆನ್ನು ನೋಡುತ್ತಿದ್ದಳು. ಓದಿನ ದಿನಕ್ಕೆ ಉಳಿದದ್ದು ಹನ್ನೆರಡು ದಿನ.

ಅದೇ ಸಂಜೆ ಅಜ್ಜಿ ಆ ಹಳದಿ ಪುಸ್ತಕ ಹಿಡಿದುಕೊಂಡು ನನ್ನ ಮಗಳ ಹತ್ತಿರ ಹೋಗಿದ್ದರಂತೆ. ಹುಡುಗಿ ಇದನ್ನು ಕಸದ ಬುಟ್ಟಿಗೆ ಹಾಕಿದ್ದಳು, ಶಾಲೆಗೆ ಹೋಗಲ್ಲ ಅಂತಿದ್ದಾಳೆ, ಇಷ್ಟೊಂದು ಕೆಂಪು ಯಾಕೆ ಟೀಚರೇ, ಅಂತ ಕೇಳಿದರಂತೆ.

ಮಗಳು ಮನೆಗೆ ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ. ಪುಸ್ತಕವನ್ನು ನನ್ನ ಮುಂದೆ ಇಟ್ಟಳು. ನಾನು ಸುಮ್ಮನಿರಬಹುದಿತ್ತು, ನನ್ನ ಬಾಯಿ ಸುಮ್ಮನಿರಬೇಕಲ್ಲ. ತಪ್ಪನ್ನು ತಪ್ಪು ಅನ್ನದೆ ಮುದ್ದು ಮಾಡಿದರೆ ಮಕ್ಕಳು ಉದ್ಧಾರವಾಗುತ್ತವಾ ಅಂದೆ. ನಿಮ್ಮ ಕಮ್ಮಟ ಗಿಮ್ಮಟ ಎಲ್ಲ ಬೂಟಾಟಿಕೆ ಅಂದೆ. ಕೋಪ ಬಂದರೆ ನನಗೆ ಹಿಂದು ಮುಂದು ಇರುವುದಿಲ್ಲ. ಅವಳು ಎಲ್ಲ ಕೇಳಿಸಿಕೊಂಡು ಕುರ್ಚಿ ಎಳೆದು ಕೂತಳು.

“ಅಪ್ಪ, ಟ್ರೇನಿಂಗ್ ಹಾಸ್ಟೆಲ್‌ನಿಂದ ನಾನು ನಿಮಗೊಂದು ಕಾಗದ ಬರೆದಿದ್ದೆ. ನೆನಪಿದೆಯಾ?”

ನೆನಪಿತ್ತು. ಎರಡು ಪುಟದ ಕಾಗದ. ತಿದ್ದಿ ವಾಪಸ್ ಕಳಿಸಿದ್ದೆ. ಹತ್ತೊಂಬತ್ತು ತಪ್ಪಿತ್ತು ಅಂದೆ.

“ಅದರಲ್ಲಿ ಏನು ಬರೆದಿದ್ದೆ ಅಂತ ನೆನಪಿದೆಯಾ?”

ತಲೆ ಕೆರೆದುಕೊಂಡೆ. ಎರಡನೇ ಪುಟದ ಮೇಲಿನ ಸಾಲಿನಲ್ಲಿ ಒಂದು ಪದ ಎರಡು ಸಲ ಬಂದಿದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಕಾಗದದಲ್ಲಿ ಏನಿತ್ತು ಅನ್ನುವುದು ಮಾತ್ರ ಸುತರಾಂ ನೆನಪಾಗಲಿಲ್ಲ.

“ಇಲ್ಲಿ ಇರೋಕೆ ಆಗ್ತಿಲ್ಲ, ಬಂದು ಕರ್ಕೊಂಡು ಹೋಗಿ ಅಂತ ಬರೆದಿದ್ದೆ,” ಅಂದಳು. “ನೀವು ಬರಲಿಲ್ಲ. ಕಾಗದ ಬಂತು.”

 ಆಮೇಲೆ ಅವಳು ಯಾವತ್ತೂ ಕಾಗದ ಬರೆದಿರಲಿಲ್ಲ, ಫೋನು ಮಾಡುತ್ತಿದ್ದಳು. ಈಗಿನ ಕಾಲದವರು ಎಲ್ಲಿ ಬರೆಯುತ್ತಾರೆ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಇಪ್ಪತ್ತೊಂದು ವರ್ಷದ ಹಿಂದಿನ ಮಾತಿಗೆ ಈಗ ಏನು ಹೇಳಲಿ? ತಪ್ಪಾಯಿತು ಅಂದೆ. ಆ ಮಾತು ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು, ಅವಳು ಎತ್ತಿಕೊಳ್ಳಲಿಲ್ಲ. ನನಗೆ ಹೇಳಿ ಪ್ರಯೋಜನ ಇಲ್ಲ, ಆ ಹುಡುಗಿಗೆ ಹನ್ನೆರಡು ದಿನ ಇದೆ ಅಂದಳು. ಆಮೇಲೆ, ನೀವು ನಿಮ್ಮ ಜೀವಮಾನದಲ್ಲಿ ನಿಮ್ಮದು ಅಂತ ಒಂದು ಪುಟ ಬರೆದಿದ್ದೀರಾ, ಬರೆದು ತಂದು ಆ ಮಕ್ಕಳ ಮುಂದೆ ಓದಿ, ಆಗ ತರಗತಿಗೆ ಬರಬಹುದು, ಅಲ್ಲಿಯವರೆಗೆ ಬರಬೇಡಿ, ಅಂತ ಎದ್ದು ಹೋದಳು.

ಒಂದು ಪುಟ ತಾನೆ, ಅದೇನು ಮಹಾ ಅಂದುಕೊಂಡೆ. ಮಂಗಳವಾರ ಬೆಳಿಗ್ಗೆ ಕೂತೆ. ಒಂದು ಸಾಲು ಬರೆದೆ, ಓದಿದೆ, ಹೊಡೆದುಹಾಕಿದೆ. ಮತ್ತೊಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಕಾಗದವೆಲ್ಲ ಗೀಟೇ ಗೀಟು. ಬುಧವಾರವೂ ಅದೇ ಕಥೆ. ಒಂದು ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನ ಪ್ರೂಫ್ ನೋಡುವವನು ಕತ್ತು ಹಿಡಿಯುತ್ತಿದ್ದ. ಬರೆಯಲು ಕೂತವನಿಗೆ ಹಾಗೆ ಮಾಡಿದರೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು. ಪೆನ್ನು ಬಿಸಾಡಿದೆ. ಹೆಂಡತಿ ಇದ್ದಿದ್ದರೆ ಎರಡು ದಿನದಿಂದ ಏನು ಪ್ರಸವವೇದನೆಯಾ ಅಂತ ಕೇಳಿರುತ್ತಿದ್ದಳು. ಗುರುವಾರ ಅಡುಗೆಮನೆಯಿಂದ ಮೊಮ್ಮಗನ ಪೆನ್ಸಿಲ್ ತಂದು, ಏನಾದರಾಗಲಿ ಅಂತ ಓದಿ ನೋಡದೆ ಹನ್ನೊಂದು ಸಾಲು ಬರೆದುಬಿಟ್ಟೆ.

ಶುಕ್ರವಾರ ಓದಿದೆ. ಕಿಟಕಿಯ ಪಕ್ಕದಲ್ಲಿ ಬರೆದವರು ಓದಲೆಂದೇ ಒಂದು ಕುರ್ಚಿ ಇತ್ತು, ಮಕ್ಕಳೆಲ್ಲ ಎದುರಿಗೆ ನೆಲದ ಮೇಲೆ. ಪುಟ್ಟಕ್ಕ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದಳು.  ಬರೆದದ್ದು ಇಷ್ಟೇ. ಒಂದು ಸಲ ಬಸ್ಸಿನ ವೇಳಾಪಟ್ಟಿಯ ಪ್ರೂಫ್ ನಾನು ನೋಡಿದೆ. ಸಂಜೆ ಆರು ಅಂತ ಇರಬೇಕಾದ ಕಡೆ ಬೆಳಿಗ್ಗೆ ಆರು ಅಂತ ಬಿದ್ದಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಅದು ಅಚ್ಚಾಗಿ ಗೋಡೆ ಗೋಡೆಗೆ ಅಂಟಿತು. ಜನ ಬೆಳಿಗ್ಗೆ ಬಂದು ನಿಂತರು. ಬಸ್ಸು ಬರಲಿಲ್ಲ.

“ಅಯ್ಯೋ, ಅದು ನೀವಾ?” ಅಂದ ಡ್ರೈವರು ಹಿಂದಿನಿಂದ. ಆ ಬಸ್ಸು ಅವನದೇ ಅಂತೆ. ಒಂದು ವಾರ ದಾರಿಯುದ್ದಕ್ಕೂ ಜನ ಅವನಿಗೆ ಉಗಿದಿದ್ದರಂತೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ತಾತ ತಪ್ಪು ಮಾಡಿದರಂತೆ ಅಂತ ಒಂದಕ್ಕೊಂದು ಹೇಳಿಕೊಂಡವು, ಜಗತ್ತಿನ ಎಂಟನೇ ಅದ್ಭುತ ಅನ್ನುವ ಹಾಗೆ. ಪುಟ್ಟಕ್ಕ ನಗಲಿಲ್ಲ. ಅಲ್ಲಿಂದಲೇ ಕೇಳಿದಳು:

“ನಿಮ್ಮನ್ನ ಗೋಡೌನ್‌ಗೆ ಹಾಕಿದ್ರಾ?”

ಇಲ್ಲ ಅಂದೆ. ನನ್ನ ತಪ್ಪು ಅಂತ ಯಾರಿಗೂ ಗೊತ್ತಾಗಲಿಲ್ಲ. ಅಚ್ಚಿನ ಮೊಳೆ ಜೋಡಿಸಿದವನ ಮೇಲೆ ಬಂತು. ಅವನಿಗೆ ಬೈದು, ಒಂದು ವಾರ ಕೆಲಸಕ್ಕೆ ಬರಬೇಡ ಅಂದರು.

“ನೀವೇನು ಅಂದ್ರಿ?”

“ನಾನು ಸುಮ್ನಿದ್ದೆ.”

“ಯಾಕೆ?”

“ಹೆದರಿಕೆ ಆಯ್ತು,” ಅಂದೆ.

 ಪುಟ್ಟಕ್ಕ ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿದಳು. “ಅದನ್ನ ಬರೆದೇ ಇಲ್ಲವಲ್ಲ ನೀವು,” ಅಂದಳು.

ಆ ಮಗು ಹೇಳಿದ್ದು ನೂರಕ್ಕೆ ನೂರು ಸರಿ. ಬರೆಯಬೇಕಾದ್ದನ್ನೇ ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆದಿದ್ದೆ. ಅಲ್ಲೇ ಕುರ್ಚಿಯ ಮೇಲೆ ಕೂತುಕೊಂಡು, ಎಲ್ಲರ ಮುಂದೆ, ನಿನ್ನ ಪುಸ್ತಕದಲ್ಲಿ ಗೀಚಿದ್ದು ನನ್ನ ತಪ್ಪು ಪುಟ್ಟಕ್ಕ ಅಂದೆ.  ಗಂಟೆ ಹೊಡೆಯುವ ಮೊದಲು ಅವಳು ಎದ್ದುಹೋಗಿ ಕಪಾಟಿನಿಂದ ಎಂಟು ಪುಟಕ್ಕಾಗುವಷ್ಟು ಬಿಳಿ ಹಾಳೆ ಎಣಿಸಿ ತೆಗೆದುಕೊಂಡಳು.

ಉಳಿದದ್ದು ಎಂಟು ದಿನ. ಹಳೆಯದನ್ನು ನೋಡಿಕೊಂಡು ಬರೆಯುತ್ತೀಯಾ ಅಂತ ಟೀಚರು ಕೇಳಿದರೆ ಬೇಡ, ತಲೆಯಲ್ಲಿದೆ ಅಂದಳಂತೆ. ಸೋಮವಾರದಿಂದ ನಾನು ದಿನವೂ ಅವಳ ಪಕ್ಕ ಕೂತೆ, ಕೈ ಮೇಲೆ. ಪೆನ್ನುಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬರುತ್ತಿದ್ದೆ. ಮೊದಲ ದಿನ ಅವಳು ಕೈ ಅಡ್ಡ ಇಟ್ಟುಕೊಂಡು ಬರೆದಳು, ಗುರುವಾರದ ಹೊತ್ತಿಗೆ ಕೈ ತೆಗೆದಳು. ಅವವೇ ತಪ್ಪು, ಕೆಲವು ಹೊಸವೂ ಇದ್ದವು. ಕಂಡೆ, ನುಂಗಿಕೊಂಡೆ. ಟೀಚರು ಒಂದು ದಿನ ಎರಡು ತಪ್ಪನ್ನು ಮಾತ್ರ ತೋರಿಸಿದಳು, ಪುಟ್ಟಕ್ಕ ತಾನೇ ಅಳಿಸಿ ಸರಿ ಮಾಡಿಕೊಂಡಳು. ನಲವತ್ತೊಂದರಲ್ಲಿ ಎರಡು! ಆದರೆ ಆ ಎರಡು ಮತ್ತೆ ಬರಲಿಲ್ಲ. ಆರನೇ ಪುಟ ಬರೆಯುವಾಗ ಮಾತ್ರ ಅವಳು ಹಾಳೆಯನ್ನು ಆಚೆ ತಿರುಗಿಸಿಕೊಂಡು ಬರೆದಳು. ಶುಕ್ರವಾರ ದಾರ ಹೊಲಿದಳು. ನನ್ನ ಮುಂದೆ ಒಂದು ಸಲವೂ ಓದಲಿಲ್ಲ.

ಶನಿವಾರ ಶಾಲೆಯ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ. ಮುಂದೆ ಹೆಡ್ ಮೇಡಂ ರಿಜಿಸ್ಟರು ಬಿಚ್ಚಿಕೊಂಡು ಕೂತಿದ್ದರು. ಕೆಟ್ಟವರಲ್ಲ ಆಕೆ. ಮೇಲಿನವರು ಅಂಕಿ ಕೇಳುತ್ತಾರೆ, ಆಕೆ ಅಂಕಿ ಕೊಡುತ್ತಾರೆ. ನಮ್ಮಂಥ ತರಗತಿಯ ಕೇಳುಗರಿಗೆ ಎರಡನೇ ಸಾಲಿನಲ್ಲಿ ಜಾಗ. ಪುಟ್ಟಕ್ಕನ ಅಮ್ಮ ಶಿಫ್ಟು ಬದಲಾಯಿಸಿಕೊಂಡು ಬಂದಿದ್ದಳು, ಆಸ್ಪತ್ರೆಯ ನೀಲಿ ಕೋಟಿನಲ್ಲೇ. ಪಕ್ಕದಲ್ಲಿ ಅಜ್ಜಿ.

ಒಂಬತ್ತನೆಯವಳಾಗಿ ಪುಟ್ಟಕ್ಕ ಬಂದಳು. ಮೈಕಿಗೆ ಎತ್ತರ ಸಾಲಲಿಲ್ಲ, ಬಗ್ಗಿಸಿ ಕೊಟ್ಟರು. ದನಿ ಸಣ್ಣದು, ಆದರೆ ಕೇಳುತ್ತಿತ್ತು. ಒಂದನೇ ಪುಟ ಆಯಿತು. ಎರಡು. ಮೂರರಲ್ಲಿ ಒಂದು ಕಡೆ ತಡವರಿಸಿ ತಾನೇ ದಾಟಿಕೊಂಡಳು. ನನ್ನ ಅಂಗೈ ತೊಡೆಯ ಕೆಳಗೆ ಬೆವರುತ್ತಿತ್ತು. ನಾಲ್ಕು, ಐದು. ಆರನೇ ಪುಟ ತಿರುಗಿಸಿದಳು, ‘ಅಪ್ಪ ಬೂಟು ತೆಗೆದರು’ ಅಂತ ಓದಿದಳು, ನಿಂತಳು.

ಹತ್ತು ಎಣಿಸಿದೆ. ಮತ್ತೆ ಹತ್ತು. ಹಾಲಿನಲ್ಲಿ ಯಾರೋ ಕೆಮ್ಮಿದರು. ಅವಳ ಅಮ್ಮ ಕುರ್ಚಿಯ ತುದಿಗೆ ಬಂದಿದ್ದಳು. ಹೆಡ್ ಮೇಡಂ ಬಗ್ಗಿ ಪುಸ್ತಕದೊಳಗೆ ಇಣುಕಿ, ಮುಂದಿನ ಪದ ಹೇಳಿಕೊಡಲು ಬಾಯಿ ತೆರೆದರು. ಹೇಳಿಕೊಟ್ಟರೆ ಅದು ಓದಿದ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಮಗಳು ಮೆಲ್ಲಗೆ, ಸ್ವಲ್ಪ ತಡೀರಿ ಮೇಡಂ ಅಂದಳು.

ಆಗ ನೋಡಿದೆ. ಪುಟ್ಟಕ್ಕನ ಬೆರಳು ಸಾಲಿನ ಮೇಲೇ ಇತ್ತು. ಕಣ್ಣು ಇದ್ದದ್ದು ಮಾತ್ರ ನನ್ನ ಮೇಲೆ. ಅವಳಿಗೆ ಓದಲು ಬರದೆ ನಿಂತದ್ದಲ್ಲ. ಆ ಸಾಲು ಯಾವುದು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓದು ಅಂತ ಮುಖದಲ್ಲೇ ಹೇಳೋಣ ಅಂತ ನಗಲು ನೋಡಿದೆ. ಮೂವತ್ತೆಂಟು ವರ್ಷ ಹುಬ್ಬು ಗಂಟಿಕ್ಕಿದ ಮುಖ, ನಕ್ಕರೆ ಏನು ಕಾಣಿಸಿತೋ ಏನೋ. ಅವಳು ಕಣ್ಣು ತಗ್ಗಿಸಿದಳು, ಪುಸ್ತಕ ಅರ್ಧ ಮಡಚಿದಳು. ಹೆಡ್ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ನಾನು ಎದ್ದೆ. ಮಂಡಿ ಲಟಕ್ಕಂದಿತು, ಕುರ್ಚಿ ಕಿರ್ರೆಂದಿತು, ಎಲ್ಲರೂ ನನ್ನನ್ನೇ ನೋಡಿದರು. ಮುದುಕನಿಗೆ ಅವಸರವಾಗಿರಬೇಕು ಅಂದುಕೊಂಡಿರುತ್ತಾರೆ. ಸಾಲಿನವರ ಕಾಲು ದಾಟಿಕೊಂಡು ನಡೆದು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ. ವರಾಂಡದಲ್ಲಿ ಯಾರೂ ಇರಲಿಲ್ಲ. ಗೋಡೆ ಹಿಡಿದುಕೊಂಡು ನಿಂತೆ. ನಾಲ್ಕು ತಿಂಗಳು ಅವಳು ಓದುವುದನ್ನು ಕೇಳಿದವನಿಗೆ ಈ ಒಂದು ಪುಟ ಕೇಳುವ ಯೋಗವಿಲ್ಲವಲ್ಲ ಅಂತ ಸಂಕಟವಾಯಿತು, ಅತ್ತೆ ಅಂತಲೇ ಇಟ್ಟುಕೊಳ್ಳಿ.

ಒಳಗೆ ಏನೂ ಕೇಳಿಸುತ್ತಿರಲಿಲ್ಲ. ಎಣಿಸುವುದನ್ನೂ ಬಿಟ್ಟೆ.

ಆಮೇಲೆ ಇಡೀ ಹಾಲು ಒಟ್ಟಿಗೆ ನಕ್ಕಿತು. ಬಾಗಿಲು ಅದುರುವಂಥ ನಗು. ಎಲ್ಲರಿಗಿಂತ ಜೋರಾಗಿ ಒಬ್ಬಳು ಮುದುಕಿ, ಅಯ್ಯೋ ನನ್ನ ಮಾನ ಕಳೆದಳಲ್ಲೋ ಅಂತ ಕೂಗಿಕೊಂಡು ನಗುತ್ತಿದ್ದಳು. ಯಾವ ಸಾಲಿಗೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಗು ನಿಂತ ಮೇಲೆ ಸಣ್ಣ ದನಿ ಮತ್ತೆ ಶುರುವಾಯಿತು, ಈ ಸಲ ಕೊನೆಯವರೆಗೆ ಎಲ್ಲೂ ನಿಲ್ಲಲಿಲ್ಲ.

ಎಲ್ಲ ಮುಗಿದ ಮೇಲೆ ಮಗಳು ಬಂದು ಹೇಳಿದಳು, ಹೆಡ್ ಮೇಡಂ ಪಟ್ಟಿಯಿಂದ ಹೆಸರು ಹೊಡೆದುಹಾಕಿದರು ಅಂತ. ಮುಂದಿನ ಟರ್ಮಿಗೆ ಪುಟ್ಟಕ್ಕನನ್ನು ಡ್ರೈವರ ಜೊತೆ ಕೂರಿಸುತ್ತೇನೆ ಅಪ್ಪ, ಅಂದಳು. ಬೇಜಾರಾಯಿತು, ಆಗಲಿಲ್ಲ ಅಂತ ಹೇಳುವುದಿಲ್ಲ. ಆಯ್ತಮ್ಮ ಅಂದೆ. ಅವಳು ನನ್ನ ಅಂಗಿಯ ಕಾಲರು ಸರಿ ಮಾಡಿ ಒಳಗೆ ಹೋದಳು.

ಪುಟ್ಟಕ್ಕ ಅಮ್ಮನ ಕೈ ಬಿಡಿಸಿಕೊಂಡು ನನ್ನ ಹತ್ತಿರ ಓಡಿ ಬಂದಳು. ಮುಖವೆಲ್ಲ ಕೆಂಪಾಗಿತ್ತು. ಎಲ್ಲರೂ ನಕ್ಕರು ತಾತ, ಕೇಳಿಸಿತಾ ಅಂದಳು. ಕೇಳಿಸಿತು ಅಂದೆ. ಕೇಳಬಾರದಿತ್ತೇನೋ, ಆದರೂ ಕೇಳಿದೆ:

“ನಾನು ಅಲ್ಲೇ ಕೂತಿದ್ದಿದ್ರೆ ಓದ್ತಿದ್ಯಾ?”

ಅವಳು ಸರಿಯಾಗಿ ಯೋಚಿಸಿದಳು. ಆ ತರಗತಿಯ ಮಕ್ಕಳು ಕೇಳಿದ್ದಕ್ಕೆ ಯೋಚಿಸಿಯೇ ಉತ್ತರ ಹೇಳುವುದು.

“ಇಲ್ಲ ತಾತ,” ಅಂದಳು. ಸಿಟ್ಟಿಲ್ಲ, ಬೇಜಾರಿಲ್ಲ, ಗಂಟೆ ಎಷ್ಟು ಅಂತ ಕೇಳಿದರೆ ಹೇಳುವ ಹಾಗೆ.

ಸರಿ ಪುಟ್ಟಕ್ಕ, ಹೋಗು, ಅಮ್ಮ ಕಾಯ್ತಿದ್ದಾಳೆ, ಅಂದೆ. ಅವಳು ಹೋದಳು.